ಶನಿವಾರ ಸಂಜೆ ನಾಲ್ಕಕ್ಕೆ: ನೆರೆಹೊರೆಯವರು ಸೇರಿ ಒಂದು ಸಿನಿಮಾ ಗುಂಪು ಕಟ್ಟುವುದು ಹೇಗೆ

ಮೂರು ವರ್ಷದ ಹಿಂದೆ ಮೈಸೂರಿನಲ್ಲೇ ಒಂದು ಮದುವೆ ಊಟ. ಪಂಕ್ತಿಯಲ್ಲಿ ನಾವು ಆರು ಜನ ಅಕ್ಕಪಕ್ಕ ಕೂತಿದ್ದೆವು. ಹೋಳಿಗೆ ಬರುವ ಹೊತ್ತಿಗೆ ಮಾತು ಸಿನಿಮಾಕ್ಕೆ ತಿರುಗಿತು. ಒಬ್ಬರು ಮಲಯಾಳಂ ಥ್ರಿಲ್ಲರ್ ನೋಡಿದ್ದರು, ಇನ್ನೊಬ್ಬರು ಕೊರಿಯಾದ ಸೀರೀಸ್ ಎಂಟು ಕಂತು ಒಂದೇ ರಾತ್ರಿ ಮುಗಿಸಿ ಕಣ್ಣು ಕೆಂಪಗೆ ಮಾಡಿಕೊಂಡು ಬಂದಿದ್ದರು, ನಮ್ಮ ಅತ್ತೆ ಯೂಟ್ಯೂಬಿನಲ್ಲಿ ಹಳೇ ರಾಜ್‌ಕುಮಾರ್ ಸಿನಿಮಾ ನೋಡಿದ್ದರು. ಆರು ಜನರೂ ಆ ವಾರ ಏನಾದರೊಂದು ನೋಡಿದ್ದರು, ಆದರೆ ಯಾವ ಇಬ್ಬರೂ ಒಂದೇ ಸಿನಿಮಾ ನೋಡಿರಲಿಲ್ಲ. "ಅಯ್ಯೋ ಕಥೆ ಹೇಳ್ಬೇಡಿ, ನಾನಿನ್ನೂ ನೋಡ್ಬೇಕು" ಅಂತ ಒಬ್ಬೊಬ್ಬರೂ ಅಂದು ಅಂದು ಮಾತು ಅಲ್ಲಿಗೇ ನಿಂತಿತು. ಮಜ್ಜಿಗೆ ಬಂತು, ಎದ್ದೆವು.

ಅದಾದ ಮೇಲೆ ಶುರುವಾದದ್ದು ನಮ್ಮ ಗುಂಪು. ಕುವೆಂಪುನಗರದಲ್ಲಿ ಒಂಬತ್ತು ಜನ. ಮಾಡುವುದು ಇಷ್ಟೇ: ಎಲ್ಲರೂ ಒಂದೇ ಸಿನಿಮಾ, ಒಂದೇ ದಿನ ನೋಡುತ್ತೇವೆ, ಆಮೇಲೆ ಕೂತು ಮಾತಾಡುತ್ತೇವೆ. ಇದಕ್ಕೆ ಗೈಡ್ ಯಾಕೆ ಅಂತ ನಗಬೇಡಿ. ಮೊದಲ ಆರು ತಿಂಗಳು ನಾವು ಮಾಡದ ತಪ್ಪಿಲ್ಲ. ಸ್ನೇಹಿತರು ಕೇಳುತ್ತಿರುತ್ತಾರೆ, ಅದಕ್ಕೆ ಒಂದೇ ಸಲ ಬರೆದುಬಿಡುತ್ತಿದ್ದೇನೆ.

ಮೊದಲು ದಿನ, ಆಮೇಲೆ ಸಿನಿಮಾ

ನಾವು ವಾಟ್ಸಾಪ್ ಗುಂಪು ಮಾಡಿ "ಯಾವ ಸಿನಿಮಾ ನೋಡೋಣ?" ಅಂತ ಕೇಳಿದೆವು. ಹನ್ನೊಂದು ಹೆಸರು ಬಂತು. ಪೋಲ್ ಹಾಕಿದೆವು. ಮೂರು ಸಿನಿಮಾಕ್ಕೆ ತಲಾ ಎರಡೆರಡು ಓಟು ಬಿತ್ತು. ಮತ್ತೆ ಪೋಲ್. ಮೂರು ವಾರ ಕಳೆಯಿತು, ಒಂದು ಸಿನಿಮಾನೂ ನೋಡಲಿಲ್ಲ, ಅಷ್ಟರಲ್ಲಿ ಯಾರೋ ಗುಡ್ ಮಾರ್ನಿಂಗ್ ಚಿತ್ರ ಹಾಕಲು ಶುರು ಮಾಡಿದ್ದರು.

ಹಾಗಾಗಿ ಸಿನಿಮಾ ಕೇಳಬೇಡಿ, ದಿನ ಗೊತ್ತು ಮಾಡಿ. ನಮ್ಮದು ತಿಂಗಳ ಮೊದಲನೇ ಮತ್ತು ಮೂರನೇ ಶನಿವಾರ, ಸಂಜೆ ನಾಲ್ಕು ಗಂಟೆ. ಒಂದು ಶನಿವಾರ ಥಿಯೇಟರ್, ಇನ್ನೊಂದು ಶನಿವಾರ ಯಾರದಾದರೂ ಮನೆ. ನಾಲ್ಕು ಗಂಟೆ ಯಾಕೆಂದರೆ ವಯಸ್ಸಾದವರ ಮಧ್ಯಾಹ್ನದ ನಿದ್ದೆ ಮುಗಿದಿರುತ್ತದೆ, ಸಿನಿಮಾ ಮುಗಿದು ಒಂದು ಗಂಟೆ ಮಾತಾಡಿದರೂ ರಾತ್ರಿ ಅಡುಗೆಗೆ ಮನೆ ಸೇರಬಹುದು, ಸಿಟಿ ಬಸ್ಸೂ ಸಿಗುತ್ತದೆ. ಥಿಯೇಟರ್ ಶೋ ನಾಲ್ಕಕ್ಕೇ ಇರುವುದಿಲ್ಲ, ಅರ್ಧ ಗಂಟೆ ಆಚೀಚೆ ಹೊಂದಿಸಿಕೊಳ್ಳಬೇಕು.

ಸಿನಿಮಾ ಆರಿಸುವುದು ಸರದಿ ಪ್ರಕಾರ. ಯಾರ ಸರದಿಯೋ ಅವರು ಬುಧವಾರ ರಾತ್ರಿಯೊಳಗೆ ಒಂದೇ ಒಂದು ಹೆಸರು ಹೇಳಬೇಕು. ಉಳಿದವರು ಚೌಕಾಸಿ ಮಾಡುವ ಹಾಗಿಲ್ಲ. ಪ್ರತಿಯೊಬ್ಬರಿಗೂ ವರ್ಷಕ್ಕೆ ಒಂದು ಸಲ ಮಾತ್ರ "ಇದು ಬೇಡ" ಅನ್ನುವ ಹಕ್ಕಿದೆ. ಪಕ್ಕದ ಮನೆ ಮೇಷ್ಟ್ರು, ರಿಟೈರ್ ಆಗಿ ಹನ್ನೆರಡು ವರ್ಷ ಆಯಿತು, ತಮ್ಮ ಹಕ್ಕನ್ನು ಪ್ರತಿ ವರ್ಷ ಜನವರಿಯಲ್ಲೇ ಖರ್ಚು ಮಾಡಿ ಡಿಸೆಂಬರ್‌ವರೆಗೆ ಗೊಣಗುತ್ತಾರೆ.

ಎಷ್ಟು ಜನ ಇರಬೇಕು? ಆರಕ್ಕಿಂತ ಕಡಿಮೆ ಆದರೆ ಇಬ್ಬರು ಊರಲ್ಲಿಲ್ಲದ ದಿನ ಗುಂಪೇ ಇರುವುದಿಲ್ಲ, ಹತ್ತು ದಾಟಿದರೆ ಮನೆಯ ಹಾಲ್‌ನಲ್ಲಿ ಜಾಗ ಇಲ್ಲ, ಮಾತೂ ಎರಡು ಗುಂಪಾಗಿ ಒಡೆಯುತ್ತದೆ. ಎಲ್ಲರೂ ಒಂದೇ ವಯಸ್ಸಿನವರು ಆಗಬೇಡಿ. ನಮ್ಮಲ್ಲಿ ತಂಗಿ ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ, ಅತ್ತೆಗೆ ಎಪ್ಪತ್ತಾಯಿತು, ನಡುವೆ ಮಂಡ್ಯ ಕಡೆಯ ಒಬ್ಬ ಗೌಡರಿದ್ದಾರೆ, ಕಟ್ಟಡದ ಕಂಟ್ರಾಕ್ಟು ಮಾಡುತ್ತಾರೆ. ಸಿನಿಮಾ ಚೆನ್ನಾಗಿಲ್ಲದ ದಿನ ಇವರೆಲ್ಲರ ಜಗಳವೇ ಸಿನಿಮಾ. ಮಕ್ಕಳನ್ನು ಕರೆತರುವುದಾದರೆ ಮೊದಲು ಸೆನ್ಸಾರ್ ಸರ್ಟಿಫಿಕೇಟ್ ನೋಡಿ. ಈಗ ಸುಮ್ನೆ ಯು/ಎ ಅಂತ ಇರುವುದಿಲ್ಲ, 2024ರ ಕೊನೆಯಿಂದ 7+, 13+, 16+ ಅಂತ ವಯಸ್ಸು ಬಿಡಿಸಿ ಹಾಕುತ್ತಾರೆ, ಉಪಯೋಗಕ್ಕೆ ಬರುತ್ತದೆ.

ಯಾವುದಕ್ಕೆ ಥಿಯೇಟರ್, ಯಾವುದಕ್ಕೆ ಮನೆ

ಎಲ್ಲರೂ ಹೇಳುವ ಸೂತ್ರ ಒಂದಿದೆ: ದೊಡ್ಡ ಸಿನಿಮಾ ಆದರೆ ಥಿಯೇಟರ್, ಸಣ್ಣದು ಆದರೆ ಓಟಿಟಿಗೆ, ಅಂದರೆ ಇಂಟರ್‌ನೆಟ್‌ನಲ್ಲಿ ಸಿನಿಮಾ ತೋರಿಸುವ ಆ್ಯಪ್‌ಗಳಿಗೆ, ಬಂದಾಗ ನೋಡಿದರಾಯಿತು. ನನ್ನ ಪ್ರಕಾರ ಇದು ತಲೆಕೆಳಗು. ದೊಡ್ಡ ಸಿನಿಮಾ ನಿಮಗೋಸ್ಕರ ಕಾಯುತ್ತದೆ. ಮೂರನೇ ವಾರವೂ ಓಡುತ್ತಿರುತ್ತದೆ, ರಶ್ ಕಡಿಮೆ ಆಗಿರುತ್ತದೆ, ಟಿಕೆಟ್ ದರವೂ ಇಳಿದಿರುತ್ತದೆ. ಸಣ್ಣ ಸಿನಿಮಾ ಕಾಯುವುದಿಲ್ಲ. ಶುಕ್ರವಾರ ಬಿಡುಗಡೆ, ಭಾನುವಾರ ರಾತ್ರಿ ಥಿಯೇಟರ್‌ನವರು ಲೆಕ್ಕ ನೋಡುತ್ತಾರೆ, ಸೋಮವಾರದಿಂದ ಶೋ ಕಡಿತ. ಮುಂದಿನ ಶುಕ್ರವಾರ ಉಳಿದರೆ ಬೆಳಿಗ್ಗೆ ಹತ್ತರ ಶೋ ಒಂದು ಉಳಿಯುತ್ತದೆ, ಅದಕ್ಕೆ ಕೆಲಸಕ್ಕೆ ಹೋಗುವವರು ಯಾರು ಬರುತ್ತಾರೆ? ಜನ ಬರಲಿಲ್ಲ ಅಂತ ಅದನ್ನೂ ತೆಗೆಯುತ್ತಾರೆ. ಓಟಿಟಿಯಲ್ಲಿ ಬರುತ್ತದೆ ಅಂತ ಕೂತರೆ, ಅದೂ ಈಗ ಖಾತ್ರಿ ಇಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಅದಕ್ಕೇ ನಮ್ಮ ನಿಯಮ: ಥಿಯೇಟರ್ ಶನಿವಾರ ಅಂದರೆ ಹಿಂದಿನ ದಿನ ಬಿಡುಗಡೆಯಾದ ಕನ್ನಡ ಸಿನಿಮಾ, ಅದರಲ್ಲೂ ಸ್ಟಾರ್ ಇಲ್ಲದ್ದು ಇದ್ದರೆ ಅದಕ್ಕೇ ಮೊದಲ ಮಣೆ. ಒಂಬತ್ತು ಟಿಕೆಟ್‌ನಿಂದ ಏನಾಗುತ್ತದೆ ಅನ್ನಬೇಡಿ. ಮುನ್ನೂರು ಸೀಟಿನ ಹಾಲ್‌ನಲ್ಲಿ ಇಪ್ಪತ್ತು ಜನ ಇರುವ ಶೋಗೆ ಒಂಬತ್ತು ಜನ ಅಂದರೆ ಅರ್ಧದಷ್ಟು. 'ಸು ಫ್ರಮ್ ಸೋ' 2025ರ ಜುಲೈ 25ಕ್ಕೆ ಬಂದಾಗ ಸ್ಟಾರ್ ನಂಬಿ ಬಂದ ಸಿನಿಮಾ ಅಲ್ಲ ಅದು, ಕಡಿಮೆ ಶೋಗಳಲ್ಲೇ ಶುರುವಾಯಿತು. ಮೊದಲು ನೋಡಿದವರು ಮನೆಗೆ ಹೋಗಿ ಅಕ್ಕಪಕ್ಕದವರಿಗೆ ಹೇಳಿದರು, ಶೋಗಳು ಏರುತ್ತಾ ಹೋದವು. ಆ ಮೊದಲು ನೋಡಿದವರಲ್ಲಿ ನಾವೂ ಇದ್ದೆವು ಅಂತ ಗೌಡರು ಈಗಲೂ ಕೊಚ್ಚಿಕೊಳ್ಳುತ್ತಾರೆ. ಸಿನಿಮಾ ಅವರೇ ಮಾಡಿದಂತೆ.

ಈಗ ನಮಗಾದ ಒಂದು ಅನುಭವ. ಒಂದು ಶನಿವಾರ ಏಳು ಜನ ಎರಡು ಆಟೊ ಹಿಡಿದು ಒಂದು ಥಿಯೇಟರ್‌ಗೆ ಹೋದೆವು. ಕೌಂಟರ್‌ನಲ್ಲಿದ್ದ ಹುಡುಗ "ಹದಿನೈದು ಜನ ಆದ್ರೆ ಹಾಕ್ತೀವಿ ಮೇಡಂ" ಅಂದ. ನಾವು ಏಳು, ಒಬ್ಬ ಕಾಲೇಜು ಹುಡುಗ, ಒಂದು ಜೋಡಿ, ಒಟ್ಟು ಹತ್ತು. ಮೆಟ್ಟಿಲ ಮೇಲೆ ನಲವತ್ತು ನಿಮಿಷ ಕೂತೆವು. ಅತ್ತೆ ಪರ್ಸ್‌ನಿಂದ ಕಡಲೆಕಾಯಿ ತೆಗೆದು ಆ ಜೋಡಿಗೂ ಹಂಚಿದರು. ಯಾರೂ ಬರಲಿಲ್ಲ, ಶೋ ಕ್ಯಾನ್ಸಲ್. ಮೇಷ್ಟ್ರು "ಉಳಿದ ಐದು ಟಿಕೆಟ್ ದುಡ್ಡು ನಾವೇ ಕೊಡ್ತೀವಿ, ಹಾಕ್ರಪ್ಪ" ಅಂದರೂ ಒಪ್ಪಲಿಲ್ಲ, ಆಪರೇಟರ್ ಮನೆಗೆ ಹೋಗಿಯಾಗಿತ್ತಂತೆ.

ಅವತ್ತಿನಿಂದ ಕಲಿತದ್ದು: ಟಿಕೆಟನ್ನು ಗುರುವಾರ ರಾತ್ರಿ ಅಥವಾ ಶುಕ್ರವಾರ ಬೆಳಿಗ್ಗೆಯೇ ಬುಕ್ ಮಾಡಿ. ಸೀಟು ತುಂಬಿರುವುದು ಕಂಡರೆ ಶೋ ರದ್ದಾಗುವ ಸಾಧ್ಯತೆ ಕಡಿಮೆ, ರದ್ದಾದರೂ ಮೊದಲೇ ಮೆಸೇಜ್ ಬರುತ್ತದೆ, ಮೆಟ್ಟಿಲ ಮೇಲೆ ಕೂರುವುದು ತಪ್ಪುತ್ತದೆ. ಆನ್‌ಲೈನ್ ಬುಕಿಂಗ್‌ಗೆ ಕನ್ವೀನಿಯೆನ್ಸ್ ಫೀ ಅಂತ ಒಂದಿಷ್ಟು ಕೀಳುತ್ತಾರೆ, ಒಂಬತ್ತು ಟಿಕೆಟ್‌ಗೆ ಅದು ಕಡಿಮೆ ಏನಲ್ಲ. ಸಿಂಗಲ್ ಸ್ಕ್ರೀನ್ ಹತ್ತಿರದಲ್ಲೇ ಇದ್ದರೆ ಯಾರಾದರೂ ಆಫೀಸ್‌ನಿಂದ ಬರುವಾಗ ಕೌಂಟರ್‌ನಲ್ಲೇ ತಂದುಬಿಡುವುದು ಒಳ್ಳೆಯದು. ಹಾಗೇ ಮ್ಯಾನೇಜರ್ ಮುಖ ಪರಿಚಯ ಮಾಡಿಕೊಳ್ಳಿ. "ತಿಂಗಳಿಗೊಂದು ಸಲ ಒಂಬತ್ತು ಜನ ಬರ್ತೀವಿ ಸಾರ್" ಅಂದರೆ ಬೇಡ ಅನ್ನುವವರು ಯಾರೂ ಇಲ್ಲ.

ದರದ ವಿಚಾರ ಸ್ವಲ್ಪ ಗೊತ್ತಿರಲಿ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿ ಒಳಗಿನ ಟಿಕೆಟ್‌ಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲಿನದಕ್ಕೆ ಶೇ 18. ಅಂದರೆ ಕಡಿಮೆ ದರದ ಸಿಂಗಲ್ ಸ್ಕ್ರೀನ್‌ಗೆ ತೆರಿಗೆಯೂ ಕಡಿಮೆ. ಟಿಕೆಟ್ 200 ರೂಪಾಯಿ ದಾಟಬಾರದು ಅಂತ ರಾಜ್ಯ ಸರ್ಕಾರ ಅದೇ ತಿಂಗಳು ಆದೇಶ ಹೊರಡಿಸಿತು, ತಿಂಗಳು ಮುಗಿಯುವ ಮುಂಚೆಯೇ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಅದನ್ನು ನಂಬಿಕೊಂಡು ಬಜೆಟ್ ಹಾಕಬೇಡಿ. ಮಲ್ಟಿಪ್ಲೆಕ್ಸ್‌ನಲ್ಲಿ ಟಿಕೆಟ್‌ಗಿಂತ ಪಾಪ್‌ಕಾರ್ನ್ ದುಬಾರಿ ಅನ್ನುವುದು ಎಲ್ಲರಿಗೂ ಗೊತ್ತು. ನಾವು ಇಂಟರ್ವಲ್‌ನಲ್ಲಿ ಏನೂ ತಗೊಳ್ಳುವುದಿಲ್ಲ, ಹೊರಗೆ ಬಂದು ಚುರುಮುರಿ ತಿನ್ನುತ್ತೇವೆ. ಮಾತಿಗೂ ಅದೇ ಒಳ್ಳೆ ಜಾಗ.

ಸೀಟು ಎಲ್ಲಿ? ಹಳೇ ಥಿಯೇಟರ್‌ನಲ್ಲಿ ಬಾಲ್ಕನಿ ಅಂದರೆ ಗೌರವ, ಪರದೆ ಹತ್ತಿರದ ಅಗ್ಗದ ಗಾಂಧಿ ಕ್ಲಾಸ್ ಅಂದರೆ ಶಿಳ್ಳೆ. ಕಣ್ಣಿಗೂ ಕಿವಿಗೂ ಸರಿಹೋಗುವುದು ಮಾತ್ರ ಕೆಳಗಿನ ಹಾಲ್‌ನಲ್ಲಿ ಹಿಂದಿನಿಂದ ಮೂರನೇ ಒಂದು ಭಾಗ, ನಡುಮಧ್ಯ. ಗೋಡೆ ಪಕ್ಕ ಕೂತರೆ ಆ ಕಡೆಯ ಸ್ಪೀಕರ್ ಒಂದೇ ಕೂಗುತ್ತಿರುತ್ತದೆ.

ಥಿಯೇಟರ್ ಯಾಕೆ ಮುಚ್ಚುತ್ತಿವೆ ಅನ್ನುವ ಮಾತು ನಮ್ಮಲ್ಲಿ ಪ್ರತಿ ಸಲ ಬರುತ್ತದೆ, ಬರದಿದ್ದರೆ ಮೇಷ್ಟ್ರು ಬರಿಸುತ್ತಾರೆ. ಅವರಿಗೆ ಶಾಂತಲಾ ಥಿಯೇಟರ್ ಅಂದರೆ ಪ್ರಾಣ. 2020ರಲ್ಲಿ ಕೊರೊನಾ ಹೊತ್ತಲ್ಲಿ ಅದು ಮುಚ್ಚಿದಾಗ ಮನೆಯಲ್ಲಿ ಯಾರೋ ಹೋದಂತೆ ಕೂತಿದ್ದರು. "ಎಲ್ಲಾ ಈ ಮೊಬೈಲ್‌ನಿಂದ" ಅನ್ನುವುದು ಅವರ ವಾದ. ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಥಿಯೇಟರ್‌ಗೆ ಪ್ರತಿ ಶುಕ್ರವಾರ ಒಂದು ಸಿನಿಮಾ ಬೇಕು. ರಾಜ್‌ಕುಮಾರ್ 200ಕ್ಕೂ ಹೆಚ್ಚು ಸಿನಿಮಾ ಮಾಡಿದರು, ಅರವತ್ತರ ದಶಕದಲ್ಲಿ ವರ್ಷಕ್ಕೆ ಹತ್ತಕ್ಕಿಂತ ಜಾಸ್ತಿ ಬಂದದ್ದೂ ಉಂಟು. ಈಗ ದೊಡ್ಡ ಸ್ಟಾರ್‌ಗಳ ಸಿನಿಮಾ ವರ್ಷಕ್ಕೊಂದು ಬಂದರೆ ಪುಣ್ಯ, ಕೆಲವರದು ಎರಡು ಮೂರು ವರ್ಷಕ್ಕೊಮ್ಮೆ. ನಡುವಿನ ಐವತ್ತು ವಾರ ಕರೆಂಟ್ ಬಿಲ್ಲು, ಸಂಬಳ ಯಾರು ಕಟ್ಟುತ್ತಾರೆ? ಥಿಯೇಟರ್ ಇರುವ ಜಾಗವೋ ಊರ ನಟ್ಟನಡುವೆ, ಚದರಡಿಗೆ ಬಂಗಾರದ ಬೆಲೆ. ಕಲ್ಯಾಣ ಮಂಟಪ ಮಾಡಿದರೂ ಶಾಪಿಂಗ್ ಕಾಂಪ್ಲೆಕ್ಸ್ ಮಾಡಿದರೂ ಜಾಸ್ತಿ ಬಾಡಿಗೆ. ಮೊಬೈಲ್ ಇಲ್ಲದಿದ್ದರೂ ಈ ಲೆಕ್ಕ ಹೀಗೇ ಇರುತ್ತಿತ್ತು. ಇದನ್ನು ಹೇಳಿದರೆ ಮೇಷ್ಟ್ರು ಕಾಫಿ ಲೋಟ ಸ್ವಲ್ಪ ಜೋರಾಗಿ ಇಡುತ್ತಾರೆ.

ಓಟಿಟಿ: ಎಲ್ಲವನ್ನೂ ಎಲ್ಲರೂ ಕಟ್ಟಬೇಡಿ

ನಮ್ಮ ಒಂಬತ್ತು ಜನರ ಮನೆಗಳಲ್ಲಿ ಮೊದಲು ಲೆಕ್ಕ ಹಾಕಿದಾಗ ಐದು ಮನೆಯಲ್ಲಿ ಒಂದೇ ಸೇವೆ ಇತ್ತು, ಇನ್ನು ಮೂರು ಸೇವೆ ಯಾರ ಬಳಿಯೂ ಇರಲಿಲ್ಲ. ಈಗ ಒಂದೊಂದು ಮನೆಗೆ ಒಂದೊಂದು ಹಂಚಿದ್ದೇವೆ. ಒಬ್ಬರ ಬಳಿ ಪ್ರೈಮ್, ಒಬ್ಬರ ಬಳಿ ಜೀ5, ಒಬ್ಬರ ಬಳಿ ಸನ್ ನೆಕ್ಸ್ಟ್, ಒಬ್ಬರ ಬಳಿ ನೆಟ್‌ಫ್ಲಿಕ್ಸ್, ಒಬ್ಬರ ಬಳಿ ಜಿಯೋಹಾಟ್‌ಸ್ಟಾರ್ (ಜಿಯೋಸಿನಿಮಾ, ಹಾಟ್‌ಸ್ಟಾರ್ ಎರಡೂ ಸೇರಿ 2025ರ ಫೆಬ್ರವರಿಯಲ್ಲಿ ಒಂದಾದದ್ದು). ಸಿನಿಮಾ ಎಲ್ಲಿದೆಯೋ ಆ ಮನೆಯಲ್ಲಿ ಶನಿವಾರ. ಪಾಸ್‌ವರ್ಡ್ ಕೇಳುವ ಗೋಜೇ ಇಲ್ಲ. ಹೇಗೂ ನೆಟ್‌ಫ್ಲಿಕ್ಸ್ 2023ರ ಜುಲೈಯಿಂದ ಒಂದು ಮನೆಯ ಖಾತೆ ಇನ್ನೊಂದು ಮನೆಯಲ್ಲಿ ಓಡುವುದನ್ನು ನಿಲ್ಲಿಸಿದೆ.

ಕನ್ನಡ ಸಿನಿಮಾಕ್ಕೋಸ್ಕರ ಮಾತ್ರ ಕಟ್ಟುವುದಾದರೆ ನೆಟ್‌ಫ್ಲಿಕ್ಸ್ ಕೊನೆಗೆ ಇಟ್ಟುಕೊಳ್ಳಿ, ಅಲ್ಲಿ ನಮ್ಮದು ಬಹಳ ಕಡಿಮೆ. ಪ್ರೈಮ್, ಜೀ5, ಸನ್ ನೆಕ್ಸ್ಟ್ ಕಡೆ ಮೊದಲು ನೋಡಿ. ಕಟ್ಟುವ ಮುಂಚೆ ಯಾವ ಪ್ಲಾನ್ ಅಂತ ಸರಿಯಾಗಿ ಓದಿ. ನೆಟ್‌ಫ್ಲಿಕ್ಸ್‌ನ 149 ರೂಪಾಯಿಯ ಪ್ಲಾನ್ ಮೊಬೈಲ್‌ಗೆ ಮಾತ್ರ, ಟಿವಿಯಲ್ಲಿ ಬರುವುದೇ ಇಲ್ಲ. 199ರದ್ದು ಟಿವಿಗೆ ಬರುತ್ತದೆ, ಆದರೆ ಚಿತ್ರದ ಸ್ಪಷ್ಟತೆ 720ಪಿ ಅಷ್ಟೇ, ದೊಡ್ಡ ಟಿವಿಯಲ್ಲಿ ಮಸುಕು ಮಸುಕು. ಪ್ರೈಮ್‌ನಲ್ಲಿ 2025ರ ಜೂನ್‌ನಿಂದ ಜಾಹೀರಾತು ಬರುತ್ತದೆ, ಬೇಡವಾದರೆ ಮೇಲೆ ದುಡ್ಡು ಕೊಡಬೇಕು. ಒಂದು ಸಲ ಸಾವಿನ ದೃಶ್ಯದ ನಡುವೆ ಡಿಟರ್ಜೆಂಟ್ ಜಾಹೀರಾತು ಬಂದು ಅಳುತ್ತಿದ್ದ ಅತ್ತೆ ನಕ್ಕುಬಿಟ್ಟರು. ಆಮೇಲೆ ಆ ಮನೆಯವರಿಗೆ ಎಲ್ಲರೂ ಸೇರಿ ಹೆಚ್ಚುವರಿ ದುಡ್ಡು ಹಾಕಿಕೊಟ್ಟೆವು. ವರ್ಷದ ಪ್ಲಾನ್ ಕಟ್ಟುವ ಆಸೆಗೆ ಬೀಳಬೇಡಿ. ಎರಡು ತಿಂಗಳು ಕಟ್ಟಿ, ಇರುವ ಒಳ್ಳೆಯದನ್ನು ನೋಡಿ, ನಿಲ್ಲಿಸಿ. ಆಟೊ ರಿನ್ಯೂವಲ್ ಆಫ್ ಮಾಡುವುದನ್ನು ಕಟ್ಟಿದ ದಿನವೇ ಮಾಡಿ. ಆಮೇಲೆ ಮಾಡೋಣ ಅಂತ ಬಿಟ್ಟವರೆಲ್ಲ ಎಂಟು ತಿಂಗಳ ದುಡ್ಡು ಕಳೆದುಕೊಂಡಿದ್ದಾರೆ, ನಾನೂ ಸೇರಿ.

ಥಿಯೇಟರ್‌ನಿಂದ ಓಟಿಟಿಗೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ. ಆದರೆ ಬಂದೇ ಬರುತ್ತದೆ ಅಂದುಕೊಳ್ಳಬೇಡಿ. 2020ರ ಜುಲೈಯಲ್ಲಿ 'ಲಾ' ಅನ್ನುವ ಕನ್ನಡ ಸಿನಿಮಾ ಥಿಯೇಟರ್ ಮುಖ ನೋಡದೆ ನೇರವಾಗಿ ಪ್ರೈಮ್‌ಗೆ ಬಂದಾಗ ಇನ್ನು ಸಣ್ಣ ಸಿನಿಮಾದವರಿಗೆ ಒಳ್ಳೆ ಕಾಲ ಬಂತು ಅಂತ ಎಲ್ಲರೂ ಅಂದುಕೊಂಡರು. ಲಾಕ್‌ಡೌನ್ ಮುಗಿದ ಮೇಲೆ ಓಟಿಟಿಯವರ ಕೈ ಬಿಗಿಯಾಯಿತು. ಥಿಯೇಟರ್‌ನಲ್ಲಿ ಓಡದ ಕನ್ನಡ ಸಿನಿಮಾವನ್ನು ಮೊದಲೇ ದುಡ್ಡು ಕೊಟ್ಟು ಕೊಳ್ಳುವವರು ಕಡಿಮೆಯಾದರು. ರಕ್ಷಿತ್ ಶೆಟ್ಟಿ ಅವರಂಥ ಹೆಸರಿದ್ದವರು ಜೊತೆಯಲ್ಲಿದ್ದರೂ 'ಏಕಂ' ಸೀರೀಸ್‌ಗೆ ಓಟಿಟಿ ಸಿಗದೆ, 2024ರ ಜುಲೈಯಲ್ಲಿ ತಮ್ಮದೇ ವೆಬ್‌ಸೈಟ್‌ನಲ್ಲಿ ಬಿಡುಗಡೆ ಮಾಡಬೇಕಾಯಿತು. ದುಡ್ಡು ಕೊಟ್ಟು ಅಲ್ಲೇ ನೋಡುವುದು. ಹೆಸರೇ ಇಲ್ಲದವರ ಪಾಡು ಏನು ಅಂತ ನೀವೇ ಊಹಿಸಿ. ಅದಕ್ಕೇ ಮೊದಲೇ ಹೇಳಿದ್ದು, ಸಣ್ಣದನ್ನು ಮೊದಲ ಶನಿವಾರವೇ ನೋಡಿ ಅಂತ.

ಓಟಿಟಿಯಲ್ಲಿ ಇದ್ದದ್ದೂ ಶಾಶ್ವತ ಅಲ್ಲ. ಒಪ್ಪಂದ ಮುಗಿದರೆ ಹೇಳದೆ ಕೇಳದೆ ಮಾಯ. ಸರದಿಯವರು ಬುಧವಾರ ಹೆಸರು ಹೇಳುವ ಮುಂಚೆ ಆ್ಯಪ್ ತೆರೆದು ಒಂದು ನಿಮಿಷ ಓಡಿಸಿ ನೋಡಬೇಕು ಅನ್ನುವ ನಿಯಮ ನಮ್ಮಲ್ಲಿದೆ. ಹುಡುಕಿದಾಗ ಪೋಸ್ಟರ್ ಬಂದರೆ ಸಾಲದು, ಒತ್ತಿದ ಮೇಲೆ ಬಾಡಿಗೆ ಕೇಳಬಹುದು. ಹಳೇ ಕನ್ನಡ ಸಿನಿಮಾಗಳು ಹಕ್ಕು ಇರುವ ಕಂಪನಿಗಳ ಯೂಟ್ಯೂಬ್ ಚಾನೆಲ್‌ಗಳಲ್ಲೇ ಬೇಕಾದಷ್ಟು ಸಿಗುತ್ತವೆ. ಕದ್ದ ಸಿನಿಮಾದ ಟೆಲಿಗ್ರಾಂ ಲಿಂಕ್ ಕಳಿಸುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ, ಬೇಡ ಅಂತ ಮೊದಲ ದಿನವೇ ಹೇಳಿ. ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆದ ಮೇಲೆ ಥಿಯೇಟರ್‌ನಲ್ಲಿ ಸಿನಿಮಾ ಕದ್ದು ಚಿತ್ರೀಕರಿಸುವವರಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಇದೆ. ಅದೂ ಅಲ್ಲದೆ ಯಾರದೋ ತಲೆ ಅಡ್ಡ ಬರುವ ಪ್ರಿಂಟ್ ನೋಡಿ ಏನಂತ ಮಾತಾಡುತ್ತೀರಿ?

ಟಿವಿ ಸರಿಮಾಡುವುದು

ಇದನ್ನು ಓದಿ ಮಾಡುವವರು ಹತ್ತಕ್ಕೆ ಒಬ್ಬರು, ಆದರೆ ಇದರಿಂದ ಆಗುವಷ್ಟು ವ್ಯತ್ಯಾಸ ಬೇರೆ ಯಾವುದರಿಂದಲೂ ಆಗುವುದಿಲ್ಲ. ಗೌಡರ ಮನೆಯಲ್ಲಿ ಹೊಸ 55 ಇಂಚಿನ ಟಿವಿ ತಂದಿದ್ದರು. ಸಿನಿಮಾ ಹಾಕಿದೆವು. ಐದು ನಿಮಿಷಕ್ಕೆ ಅತ್ತೆ, "ಇದೇನಮ್ಮ, ಸೀರಿಯಲ್ ಥರ ಕಾಣ್ತಿದೆ" ಅಂದರು. ಸರಿಯಾಗೇ ಹೇಳಿದ್ದರು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಇರುತ್ತವೆ. ಹೊಸ ಟಿವಿಗಳು ನಡುನಡುವೆ ತಾವೇ ಚಿತ್ರ ಸೃಷ್ಟಿಸಿ ತುಂಬುತ್ತವೆ, ಚಲನೆ ನುಣ್ಣಗಾಗಿ ಎಲ್ಲವೂ ಸೀರಿಯಲ್ ಸೆಟ್‌ನ ಹಾಗೆ ಕಾಣುತ್ತದೆ. ಕ್ರಿಕೆಟ್‌ಗೆ ಪರವಾಗಿಲ್ಲ, ಸಿನಿಮಾಕ್ಕೆ ಬೇಡ. ಸೆಟ್ಟಿಂಗ್ಸ್‌ಗೆ ಹೋಗಿ ಪಿಕ್ಚರ್ ಅಥವಾ ಕ್ಲಾರಿಟಿ ಅನ್ನುವ ಜಾಗದಲ್ಲಿ ಹುಡುಕಿ. ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್ ಅಂತ ಇರುತ್ತದೆ, ಬೇರೆ ಕಂಪನಿಗಳಲ್ಲಿ ಮೋಷನ್ ಅನ್ನುವ ಪದ ಎಲ್ಲಾದರೂ ಇದ್ದೇ ಇರುತ್ತದೆ. ಅದನ್ನು ಆಫ್ ಮಾಡಿ. ಪಿಕ್ಚರ್ ಮೋಡ್ ಡೈನಾಮಿಕ್ ಅಥವಾ ವಿವಿಡ್ ಇದ್ದರೆ ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್‌ಗೆ ಬದಲಿಸಿ. ಮೊದಲ ಹತ್ತು ನಿಮಿಷ "ಯಾಕೋ ಹಳದಿ ಹಳದಿ" ಅನ್ನಿಸುತ್ತದೆ, ಆಮೇಲೆ ಕಣ್ಣು ಒಗ್ಗುತ್ತದೆ, ಮುಖದ ಬಣ್ಣ ಮುಖದ ಬಣ್ಣದಂತೆ ಕಾಣುತ್ತದೆ.

ಶಬ್ದ ಇನ್ನೊಂದು ತಲೆನೋವು. ಫೈಟ್ ಬಂದರೆ ಗೋಡೆ ನಡುಗುತ್ತದೆ, ಮಾತು ಬಂದರೆ ಪಿಸುಪಿಸು. ಸಿನಿಮಾದ ಆಡಿಯೊ ಆರು ಚಾನೆಲ್‌ಗೆ ಮಾಡಿದ್ದು, ಟಿವಿಯಲ್ಲಿರುವುದು ಎರಡು ಪುಟ್ಟ ಸ್ಪೀಕರ್, ಅದೂ ಗೋಡೆ ಕಡೆ ಮುಖ ಮಾಡಿರುತ್ತವೆ. ಆಡಿಯೊ ಆಯ್ಕೆಯಲ್ಲಿ 5.1 (ಅದೇ ಆರು ಚಾನೆಲ್‌ನದು) ಬದಲು ಎರಡು ಚಾನೆಲ್‌ನ ಸ್ಟೀರಿಯೊ ಇದ್ದರೆ ಅದನ್ನು ಹಾಕಿ. ಟಿವಿಯಲ್ಲಿ ಕ್ಲಿಯರ್ ವಾಯ್ಸ್ ಥರದ ಮೋಡ್ ಇದ್ದರೆ ಆನ್ ಮಾಡಿ. ದುಡ್ಡು ಖರ್ಚು ಮಾಡುವುದಾದರೆ ಟಿವಿ ದೊಡ್ಡದು ಮಾಡುವ ಮೊದಲು ಒಂದು ಸೌಂಡ್‌ಬಾರ್ ತಗೊಳ್ಳಿ, ನನ್ನ ಮಾತು ಕೇಳಿ.

ಸಂಜೆ ನಾಲ್ಕರ ಬಿಸಿಲು ಪಶ್ಚಿಮದ ಕಿಟಕಿಯಿಂದ ನೇರ ಟಿವಿ ಮೇಲೆ ಬೀಳುತ್ತದೆ. ದಪ್ಪ ಪರದೆ ಇಲ್ಲದಿದ್ದರೆ ಕಂಬಳಿ ಕಟ್ಟಿ, ನಾಚಿಕೆ ಬೇಡ. ಕುಕ್ಕರ್ ಇಡಬೇಡಿ. ಫೋನ್‌ಗಳು ಬಾಗಿಲ ಹತ್ತಿರ ಒಂದು ಬುಟ್ಟಿಯಲ್ಲಿ. ತಂಗಿ ಮಗಳು ಮೊದಲೆರಡು ಸಲ ಮುಖ ಊದಿಸಿಕೊಂಡಿದ್ದಳು, ಈಗ ಬುಟ್ಟಿ ಇಡುವವಳೇ ಅವಳು. ನಡುವೆ ಸಿನಿಮಾ ನಿಲ್ಲಿಸುವ ಹಾಗಿಲ್ಲ, ಆದರೆ ಇಂಟರ್ವಲ್ ಇರಲೇಬೇಕು, ಹದಿನೈದು ನಿಮಿಷ, ಕಾಫಿ. ನಮ್ಮ ಸಿನಿಮಾ ಬರೆಯುವವರು ಇಂಟರ್ವಲ್ ಇಟ್ಟುಕೊಂಡೇ ಬರೆಯುತ್ತಾರೆ. ಅದನ್ನು ಹಾರಿಸಿ ನೋಡಿದರೆ ಮಧ್ಯದಲ್ಲಿ ಒಂದು ದೊಡ್ಡ ತಿರುವು ಸುಮ್ನೆ ದಾಟಿಹೋಗುತ್ತದೆ.

ಭಾಷೆ? ಸಾಧ್ಯವಾದರೆ ಮೂಲ ಭಾಷೆ. ಆದರೆ ಕನ್ನಡ ಸಬ್‌ಟೈಟಲ್ ಸಿಗುವುದು ಅಪರೂಪ, ಇಂಗ್ಲಿಷ್ ಸಬ್‌ಟೈಟಲ್ ಓಡುವ ವೇಗಕ್ಕೆ ಅತ್ತೆಗೆ ಓದಲಾಗುವುದಿಲ್ಲ. ಅವರು ಬಂದ ದಿನ ಕನ್ನಡ ಡಬ್ಬಿಂಗ್ ಇದ್ದರೆ ಅದನ್ನೇ ಹಾಕುತ್ತೇವೆ. ದಶಕಗಳ ಕಾಲ ಚಿತ್ರರಂಗದವರು ಕನ್ನಡಕ್ಕೆ ಡಬ್ಬಿಂಗ್ ಬರಲೇ ಬಿಡಲಿಲ್ಲ. 2015ರಲ್ಲಿ, ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿಯಾಗದಂತೆ ನೋಡುವ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಬಾಗಿಲು ತೆರೆಯಿತು. ಡಬ್ಬಿಂಗ್‌ನಲ್ಲಿ ಮಾತು ತುಟಿಗೆ ಕೂರುವುದಿಲ್ಲ ಅಂತ ನಾನು ಗೊಣಗುತ್ತೇನೆ, ಅತ್ತೆ "ನಿಂಗೇನಮ್ಮ, ನಂಗೆ ಅರ್ಥ ಆಯ್ತಲ್ಲ" ಅನ್ನುತ್ತಾರೆ.

ಮಾತು ಶುರು ಮಾಡುವುದು

"ಹೇಗಿತ್ತು?" ಅಂತ ಕೇಳಬೇಡಿ. "ಚೆನ್ನಾಗಿತ್ತು" ಅಂತಾರೆ, ಮುಗಿಯಿತು. ಸ್ಟಾರ್ ಎಷ್ಟು ಕೊಡುತ್ತೀರಿ ಅಂತಲೂ ಬೇಡ. ಕಲೆಕ್ಷನ್ ಎಷ್ಟು ಕೋಟಿ ಅನ್ನುವುದಂತೂ ನಮ್ಮಲ್ಲಿ ಪೂರ್ತಿ ನಿಷೇಧ, ಆ ಮಾತು ತೆಗೆದವರು ಮುಂದಿನ ಸಲ ಬೋಂಡ ತರಬೇಕು. ಪ್ರತಿಯೊಬ್ಬರೂ ಒಂದು ದೃಶ್ಯ ಹೇಳಬೇಕು, ಕಣ್ಣಲ್ಲಿ ಉಳಿದದ್ದು. ಯಾಕೆ ಅಂತ ಹೇಳುವುದು ಬೇಕಿಲ್ಲ, ಆ ದೃಶ್ಯದಲ್ಲಿ ಏನೇನಿತ್ತು ಅಂತ ಹೇಳಿದರೆ ಸಾಕು. ಮೊದಲು ಚಿಕ್ಕವರು, ಕೊನೆಗೆ ಮೇಷ್ಟ್ರು. ಉಲ್ಟಾ ಮಾಡಿದರೆ ಮೇಷ್ಟ್ರು ಹೇಳಿದ್ದನ್ನೇ ಎಲ್ಲರೂ ಹೇಳುತ್ತಾರೆ.

ಶುರುವಿಗೆ ಯಾವ ಸಿನಿಮಾ ಅಂತ ಕೇಳುವವರಿಗೆ ನಾನು ಹೇಳುವುದು 'ತಿಥಿ'. ರಾಮ್ ರೆಡ್ಡಿ ನಿರ್ದೇಶನ, ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತೆಗೆದದ್ದು, ನಟಿಸಿದವರು ಆ ಕಡೆಯ ಹಳ್ಳಿಯವರೇ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಎರಡು ಪ್ರಶಸ್ತಿ ಬಂತು. ನೂರು ದಾಟಿದ ಸೆಂಚುರಿ ಗೌಡ ತೀರಿಕೊಂಡ ಮೇಲೆ ಹನ್ನೊಂದನೇ ದಿನದ ತಿಥಿ ಬರುವ ತನಕ ಮಗ, ಮೊಮ್ಮಗ, ಮರಿಮಗ ಏನೇನು ಮಾಡುತ್ತಾರೆ ಅನ್ನುವುದೇ ಕಥೆ. ಪ್ರಶಸ್ತಿ ಸಿನಿಮಾ ಅಂತ ಹೆದರಬೇಡಿ. ನಮ್ಮ ಮನೆಯಲ್ಲಿ ಹಾಕಿದಾಗ ಗೌಡರು ನಕ್ಕು ನಕ್ಕು ಕೆಮ್ಮು ಬಂತು.

ಮಾತಿಗೆ ಕೂತಾಗ ಇಂಜಿನಿಯರಿಂಗ್ ಹುಡುಗಿ ಕೇಳಿದಳು: ತಿಥಿ ಊಟಕ್ಕೆ ಅಷ್ಟೊಂದು ಸಾಲ ಯಾಕೆ ಮಾಡ್ಬೇಕು, ಹತ್ತು ಜನಕ್ಕೆ ಹಾಕಿದರೆ ಆಗಲ್ವಾ? ಗೌಡರು ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ, "ಆಗಕಿಲ್ಲ ಕಣವ್ವ. ನಮ್ಮಪ್ಪಂದು ಮಾಡ್ದಾಗ ನಾನೂ ಹಂಗೇ ಅಂದ್ಕಂಡಿದ್ದೆ. ಊರವ್ರು ಏನೂ ಅನ್ನಲ್ಲ. ಆದ್ರೆ ಬೆಳಗ್ಗೆ ಎದ್ದು ಹಾಲಿನ ಡೇರಿ ತಾವ ಹೋದ್ರೆ ಎಲ್ರೂ ಬ್ಯಾರೆ ಕಡೆ ನೋಡ್ತಾರಲ್ಲ, ಅದು ತಡ್ಕಳಕ್ಕಾಗಕಿಲ್ಲ" ಅಂದರು. ಎಷ್ಟು ಕುರಿ, ಎಷ್ಟು ಮೂಟೆ ಅಕ್ಕಿ, ಸಾಲ ತೀರಲು ಎಷ್ಟು ವರ್ಷ ಹಿಡಿಯಿತು ಅಂತ ಎಲ್ಲಾ ಲೆಕ್ಕ ಹೇಳಿದರು. ಸಿನಿಮಾ ಎರಡು ಗಂಟೆ ಚಿಲ್ಲರೆ, ಅವತ್ತಿನ ಮಾತು ಒಂಬತ್ತೂವರೆಗೆ ಮುಗಿಯಿತು. ಬಸ್ ತಪ್ಪಿತು.

ಜಗಳ ಆಗುತ್ತದೆ, ಆಗಲಿ. ಹೀರೊ ಅಭಿಮಾನಿಗಳ ಜಗಳ ಮಾತ್ರ ಬೇರೆ ಜಾತಿಯದು, ಅದಕ್ಕೆ ಕೊನೆ ಇಲ್ಲ. ನಟನ ಬಗ್ಗೆ ಬೇಡ, ಪಾತ್ರದ ಬಗ್ಗೆ ಹೇಳಿ ಅಂತ ತಡೆಯಿರಿ. ಅದಕ್ಕೂ ಜಗ್ಗದಿದ್ದರೆ ಕಾಫಿ ತನ್ನಿ.

ಉಳಿದ ಚಿಲ್ಲರೆ ವಿಷಯ

ತಿಂಗಳಿಗೆ ತಲಾ 300 ರೂಪಾಯಿ ಡಬ್ಬಿಗೆ ಹಾಕುತ್ತೇವೆ, ಟಿಕೆಟ್, ಬೋಂಡ ಅದರಲ್ಲೇ. ದುಬಾರಿ ಟಿಕೆಟ್ ಆದ ತಿಂಗಳು ಮೇಲಿಂದ ಕೊಡಬೇಕಾಗುತ್ತದೆ. ಗುಂಪು ಚೆನ್ನಾಗಿ ನಡೆಯಿತು ಅಂತ ಹಾಲ್ ಬಾಡಿಗೆ ಹಿಡಿದು, ಪ್ರೊಜೆಕ್ಟರ್ ತಂದು, ಓಟಿಟಿ ಖಾತೆಯಿಂದ ಐವತ್ತು ಜನರಿಗೆ ತೋರಿಸಲು ಹೋಗಬೇಡಿ. ಆ ಖಾತೆ ಮನೆಯ ಬಳಕೆಗೆ ಮಾತ್ರ. ಅಷ್ಟು ಜನರಿಗೆ ತೋರಿಸುವ ಆಸೆ ಇದ್ದರೆ ಸಿನಿಮಾ ಮಾಡಿದವರಿಗೇ ಬರೆದು ಅನುಮತಿ ಕೇಳಿ. ಸಣ್ಣ ಸಿನಿಮಾದವರು ಉತ್ತರ ಕೊಡುತ್ತಾರೆ, ಕೆಲವರು ತಾವೇ ಬಂದು ಕೂರುತ್ತಾರೆ. ದಸರಾ ಹೊತ್ತಲ್ಲಿ ಚಲನಚಿತ್ರೋತ್ಸವ ಇರುತ್ತದೆ, ರಂಗಾಯಣದ ಬಹುರೂಪಿ ನಾಟಕೋತ್ಸವದಲ್ಲೂ ಸಿನಿಮಾ ಹಾಕುತ್ತಾರೆ. ಆ ತಿಂಗಳು ನಮ್ಮ ಶನಿವಾರ ಅಲ್ಲಿಗೇ. ಬೇರೆ ದಿನ ಎಲ್ಲೂ ಸಿಗದ ಸಿನಿಮಾ ಅಲ್ಲಿ ಸಿಗುತ್ತದೆ. ಪಟ್ಟಿ ಬಂದ ದಿನವೇ ಗುರುತು ಹಾಕಿಕೊಳ್ಳಿ.

ಒಂದು 200 ಪುಟದ ನೋಟ್‌ಬುಕ್ ಇಡಿ. ತಾರೀಖು, ಸಿನಿಮಾ ಹೆಸರು, ಯಾರ ಸರದಿ, ಪ್ರತಿಯೊಬ್ಬರದೂ ಒಂದು ಸಾಲು. ಕೈಬರಹದಲ್ಲೇ ಬರೆಯಲಿ.

ಪರೀಕ್ಷೆ, ಮದುವೆ ಸೀಸನ್, ಹಬ್ಬ ಬಂದರೆ ಜನ ಕಡಿಮೆ ಆಗುತ್ತಾರೆ. ಆದರೂ ಶನಿವಾರ ರದ್ದು ಮಾಡಬೇಡಿ. ಹೋದ ಶ್ರಾವಣದಲ್ಲಿ ಒಂದು ದಿನ ಮಳೆ ಸುರಿದು ನಾನು, ಅತ್ತೆ, ಮೇಷ್ಟ್ರು ಮೂರೇ ಜನ ಇದ್ದೆವು. ಹುಡುಗಿ ಆರಿಸಿದ್ದ ಕೊರಿಯನ್ ಸಿನಿಮಾ, ಅವಳೇ ಬಂದಿರಲಿಲ್ಲ. ಮೇಷ್ಟ್ರು ಒಂದೊಂದೇ ಸಬ್‌ಟೈಟಲ್ ಓದಿ ಅತ್ತೆಗೆ ಕನ್ನಡದಲ್ಲಿ ಹೇಳುತ್ತಾ ಹೋದರು, ನಡುವೆ ನಿಲ್ಲಿಸಬಾರದು ಅನ್ನುವ ನಿಯಮ ಅವತ್ತು ಮುರಿದೆವು. ಮುಗಿಯಲು ನಾಲ್ಕು ಗಂಟೆ ಹಿಡಿಯಿತು. ನೋಟ್‌ಬುಕ್‌ನಲ್ಲಿ ಅತ್ತೆ ಬರೆದ ಸಾಲು: "ಅವರೂ ಊಟಕ್ಕೆ ಕೂತಾಗಲೇ ಜಗಳ ಆಡುತ್ತಾರೆ. ಅನ್ನ ಸ್ವಲ್ಪ ಅಂಟಂಟು."